ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಬಿಟ್ಟರೆ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಿದವರಿಗೆ ಬೆಂಗಳೂರಿನಲ್ಲಿ ಕೆಲಸ ಇದೆಯೇ?

ಇದೆ. ಆದರೆ ಹುದ್ದೆಯ ಹೆಸರಿನಲ್ಲಿ ‘ಅಂತರರಾಷ್ಟ್ರೀಯ ಸಂಬಂಧ’ ಎಂದು ಬರೆದಿರುವುದು ಅಪರೂಪ. ಹಾಗೆ ಹುಡುಕಿದವರಿಗೆ ಏನೂ ಸಿಗುವುದಿಲ್ಲ. ‘ಟ್ರೇಡ್ ಕಂಪ್ಲಯನ್ಸ್’ (ವ್ಯಾಪಾರ ನಿಯಮಗಳ ಪಾಲನೆ), ‘ಸ್ಯಾಂಕ್ಷನ್ಸ್ ಅನಲಿಸ್ಟ್’ (ನಿರ್ಬಂಧಗಳ ವಿಶ್ಲೇಷಕ), ‘ಪಬ್ಲಿಕ್ ಪಾಲಿಸಿ’ (ಸಾರ್ವಜನಿಕ ನೀತಿ) ಎಂದು ಹುಡುಕಿ.

ನನ್ನ ಪ್ರಕಾರ ಎಲ್ಲರೂ ಕಡೆಗಣಿಸುವ ದಾರಿ ರಫ್ತು ನಿಯಂತ್ರಣ. ಚಿಪ್, ಡ್ರೋನ್, ವೈಮಾನಿಕ ಬಿಡಿಭಾಗಗಳ ಕಂಪನಿಗಳು ಈ ಊರಲ್ಲಿ ಬೇಕಾದಷ್ಟಿವೆ. ನಾಗರಿಕ ಬಳಕೆಗೂ ಸೇನೆಗೂ ಒದಗುವ ಸರಕು ಭಾರತದ ರಫ್ತು ನಿಯಂತ್ರಣ ಪಟ್ಟಿಯಾದ ‘ಸ್ಕೋಮೆಟ್’ನಲ್ಲಿದ್ದರೆ ಹೊರಗೆ ಕಳಿಸಲು ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪರವಾನಗಿ ಬೇಕು. ವಸ್ತು ಮಾತ್ರವಲ್ಲ, ಪಟ್ಟಿಯಲ್ಲಿರುವ ತಂತ್ರಜ್ಞಾನದ ವಿನ್ಯಾಸವನ್ನು ಇಮೇಲ್‌ನಲ್ಲಿ ವಿದೇಶಕ್ಕೆ ಕಳಿಸಿದರೂ ಅದು ರಫ್ತೇ. ಕೊಳ್ಳುವವರು ಯಾರು, ಅವರ ಮೇಲೆ ಅಮೆರಿಕದ ಅಥವಾ ಐರೋಪ್ಯ ಒಕ್ಕೂಟದ ನಿರ್ಬಂಧ ಇದೆಯೇ, ಸರಕು ಮೂರನೇ ದೇಶಕ್ಕೆ ಜಾರುತ್ತದೆಯೇ ಎಂದು ಪರಿಶೀಲಿಸಲು ರಾಜಕೀಯವೂ ಕಾನೂನೂ ಗೊತ್ತಿರುವವರು ಬೇಕು. ಡಿಜಿಎಫ್‌ಟಿ ಜಾಲತಾಣದಲ್ಲಿ ಪಟ್ಟಿ ಉಚಿತವಾಗಿ ಸಿಗುತ್ತದೆ. ಅದರ 5 ಮತ್ತು 8ನೇ ವರ್ಗಗಳಿಂದ ಓದು ಶುರುಮಾಡಿ.

ಸಂಶೋಧನೆಯ ಒಲವಿದ್ದರೆ ಸಾರ್ವಜನಿಕ ನೀತಿಯ ಅಧ್ಯಯನ ನಡೆಸುವ ತಕ್ಷಶಿಲಾ ಸಂಸ್ಥೆ, ಐಐಎಸ್‌ಸಿ ಆವರಣದ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಇವೆ. ಹುದ್ದೆಗಳು ಕಡಿಮೆ, ಸಂಬಳ ಕಂಪನಿಗಳಷ್ಟು ನಿರೀಕ್ಷಿಸಬೇಡಿ. ಬ್ರಿಟನ್, ಜರ್ಮನಿ, ಜಪಾನ್ ಮುಂತಾದ ದೇಶಗಳ ಇಲ್ಲಿನ ಕಚೇರಿಗಳು ವ್ಯಾಪಾರ, ವಿಜ್ಞಾನ ವಿಭಾಗಗಳಿಗೆ ಸ್ಥಳೀಯರನ್ನೂ ತೆಗೆದುಕೊಳ್ಳುತ್ತವೆ.

ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಎಂಎ ಪದವಿ ಇರುತ್ತದೆ, ತೋರಿಸಲು ಬರಹ ಇರುವುದಿಲ್ಲ. ಒಂದೇ ವಿಷಯ ಹಿಡಿದು, ಎರಡೆರಡು ಪುಟದ ಮೂರು ಟಿಪ್ಪಣಿ ಬರೆಯಿರಿ. ಪ್ರತಿಯೊಂದರಲ್ಲೂ ಯಾರು ಏನು ನಿರ್ಧರಿಸಬೇಕು ಎಂಬುದು ಮೊದಲ ಪ್ಯಾರಾದಲ್ಲೇ ಇರಲಿ. ವಿದೇಶಿ ಭಾಷೆ ಕಲಿಯುವುದಾದರೆ ಬಿ2 ಮಟ್ಟ (ಸರಾಗವಾಗಿ ಮಾತಾಡಿ ಬರೆಯುವಷ್ಟು) ಮುಟ್ಟುವವರೆಗೆ ಬಿಡಬೇಡಿ, ಆರಂಭಿಕ ಹಂತವಾದ ಎ1 ಪ್ರಮಾಣಪತ್ರಕ್ಕೆ ನೇಮಕಾತಿಯಲ್ಲಿ ಬೆಲೆಯಿಲ್ಲ.