ಮೊದಲ ಕಥಾಸಂಕಲನಕ್ಕೆ ಪ್ರಕಾಶಕರು ದುಡ್ಡು ಕೇಳುತ್ತಿದ್ದಾರೆ, ಕೊಡಬಹುದೇ?

ಕೊಡಬೇಡಿ. 12 ಕಥೆ ಸಿದ್ಧವಿವೆ, 500 ಪ್ರತಿಗೆ 40,000 ರೂಪಾಯಿ ಕೇಳಿದ್ದಾರೆ ಎಂದಿದ್ದೀರಿ. ದುಡ್ಡು ನೀವೇ ಹಾಕುವುದಾದರೆ ನೇರವಾಗಿ ಪ್ರಿಂಟಿಂಗ್ ಪ್ರೆಸ್ಸಿಗೇ ಹೋಗಬಹುದಲ್ಲ! ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಲೇಖಕರಿಗೂ ಉಚಿತವಾಗಿ ಕೊಡುತ್ತದೆ. ಅದಕ್ಕೂ ಶುಲ್ಕ ಕೇಳಿದರೆ ಎದ್ದು ಬನ್ನಿ.

ನನ್ನ ಸಂಕಲನ ಬಂದು ಕೆಲವು ವರ್ಷವಾಯಿತು. ಅಚ್ಚು ಹಾಕಿಸುವುದು ಸುಲಭ, ಕಟ್ಟುಗಳನ್ನು ಮನೆಯಿಂದ ಹೊರಗೆ ದಾಟಿಸುವುದು ಕಷ್ಟ. 150 ರೂಪಾಯಿ ಮುಖಬೆಲೆಯಲ್ಲಿ ಅಂಗಡಿ, ವಿತರಕರ ಕಮಿಷನ್ 40 ಪರ್ಸೆಂಟ್ ಹೋದರೆ ಉಳಿಯುವುದು 90. ಕಾಗದ, ಮುದ್ರಣ, ಮುಖಪುಟ, ಡಿಟಿಪಿ, ಸಾಗಣೆ ಎಲ್ಲ ಅದರಲ್ಲೇ ಆಗಬೇಕು. ಹಣ ಬರುವುದು ಪ್ರತಿಗಳು ಮಾರಾಟವಾದ ಮೇಲೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಸಂತೋಷ, ಆದರೆ ಅದನ್ನು ನಂಬಿ ಸಾಲ ಮಾಡಬೇಡಿ.

ಆದ್ದರಿಂದ ಓದುಗರನ್ನು ಮೊದಲು ಹುಡುಕಿಕೊಳ್ಳಿ. ಒಂದೊಂದೇ ಕಥೆಯನ್ನು ಮಯೂರ, ತುಷಾರ, ಸುಧಾಕ್ಕೆ ಕಳಿಸಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯನ್ನು ಬಿಡಬೇಡಿ. ಎಷ್ಟೋ ಸಲ ಉತ್ತರವೇ ಬರುವುದಿಲ್ಲ, ಆದರೂ ಕಳಿಸುತ್ತಿರಿ. ನನ್ನದೊಂದು ಕಥೆ ಮಾಸಪತ್ರಿಕೆಯಲ್ಲಿ ಬಂದಾಗ ಶಿರಸಿ ಕಡೆಯ ಮೇಷ್ಟ್ರೊಬ್ಬರು ಫೋನ್ ಮಾಡಿ, "ಆ ಅತ್ತಿಗೆ ಕಡೆಗೂ ತವರಿಗೆ ಹೋದಳೋ ಇಲ್ಲವೋ, ಅದನ್ನು ಹೇಳಿ" ಎಂದು ಪಟ್ಟು ಹಿಡಿದರು. ಪುಸ್ತಕ ಬಂದಾಗ ತಮ್ಮ ಶಾಲೆಯವರಿಗೆಲ್ಲ ಹಂಚಲು ಒಂದು ಕಟ್ಟನ್ನೇ ತರಿಸಿಕೊಂಡರು. ಯಾವ ಜಾಹೀರಾತೂ ನನಗೆ ಇಂಥ ಓದುಗರನ್ನು ತಂದುಕೊಟ್ಟಿಲ್ಲ.

ನಿಮ್ಮ ವಯಸ್ಸು 18ರಿಂದ 35ರೊಳಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆ ಗಮನಿಸುತ್ತಿರಿ. ಛಂದ ಪುಸ್ತಕ ಪ್ರಕಾಶನದವರು ಹೊಸ ಕಥೆಗಾರರ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ತಾವೇ ಪ್ರಕಟಿಸುತ್ತ ಬಂದಿದ್ದಾರೆ. ಯಾವುದೂ ಕೈಗೂಡದಿದ್ದರೆ ಮುಂಗಡ ಕಾದಿರಿಸುವಿಕೆ ತೆರೆದು, ಡಿಜಿಟಲ್ ಮುದ್ರಣದಲ್ಲಿ 200 ಪ್ರತಿ ಹಾಕಿಸಿ. ಮುಂಗಡ ಕೇಳಲು ಸಂಕೋಚ ಬೇಡ. 1933ರಲ್ಲಿ ಧಾರವಾಡದಲ್ಲಿ ಶುರುವಾದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ ಬೆಳೆದದ್ದೂ ಚಂದಾದಾರರ ಬಲದಿಂದಲೇ.

ಇನ್ನೊಂದು ಮಾತು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಕಳಚಿಕೊಳ್ಳುತ್ತದೆ. ಬರೆದವರ ಕಣ್ಣಿಗೆ ಇವು ಬೀಳುವುದಿಲ್ಲ. ಉಳಿಸಿದ 40,000ದಲ್ಲಿ ಒಂದಿಷ್ಟನ್ನು ಕರಡು ತಿದ್ದುವ ಒಳ್ಳೆಯವರೊಬ್ಬರಿಗೆ ಕೊಡಿ.