ರೈಲು ಮಾದರಿಯ ಮೇಲೆ ಹಿಮ ಮಾಡಲು ಯಾವ ಬಿಳಿ ಪುಡಿ ಒಳ್ಳೆಯದು?

ಅಡುಗೆ ಸೋಡಾನಾ, ಪುಡಿ ಉಪ್ಪಾ, ಥರ್ಮಾಕೋಲ್ ಕಾಳಾ ಅಂತ ಕೇಳಿದ್ದೀರಿ. ಒಂದು ಮೂಲೆಗೆ ಆಗಲೇ ಸೋಡಾ ಉದುರಿಸಿದ್ದೀನಿ, ಚೆನ್ನಾಗಿ ಕಾಣ್ತಿದೆ ಅಂತಲೂ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಐದು ವರ್ಷದ ಹಿಂದೆ, ಜನವರಿ ತಿಂಗಳಲ್ಲಿ, ನನಗೂ ಅದು ಚೆನ್ನಾಗೇ ಕಂಡಿತ್ತು.

ನಾನಿರೋದು ದಾವಣಗೆರೆಯ ನಿಟುವಳ್ಳಿ ಕಡೆ. ಮಹಡಿ ಮೇಲಿನ ಕೋಣೆಯಲ್ಲಿ ಆರಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೆ ಕಾಲ್ಕಾ–ಶಿಮ್ಲಾ ರೈಲು. ಅದನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಲೆಕ್ಕ ಇದೆ. ಆ ಹಳಿಗಳ ನಡುವಿನ ಅಗಲ 762 ಮಿ.ಮೀ. ರೈಲು ಮಾದರಿಗಳ ಎಚ್‌ಒ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ 8.76 ಮಿ.ಮೀ. ಬರುತ್ತೆ. ಎನ್ ಸ್ಕೇಲ್ ಅಂತ ಇನ್ನೂ ಚಿಕ್ಕ ಮಾದರಿಗಳ ಅಳತೆ ಇದೆ, ಅದರ 9 ಮಿ.ಮೀ. ಹಳಿ ಹೆಚ್ಚುಕಮ್ಮಿ ಸರಿಯಾಗಿ ಹೊಂದುತ್ತೆ. ಹಾಗಾಗಿ ಎನ್ ಸ್ಕೇಲ್ ಎಂಜಿನ್ನಿನ ಚಕ್ರ, ಮೋಟರ್ ಇಟ್ಟುಕೊಂಡು ಮೇಲಿನ ಮೈಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ನಾನೇ ಕಟ್ಟಿದೆ. ನಿಜವಾದ ದಾರಿ 96 ಕಿ.ಮೀ., 1903ರಲ್ಲಿ ಶುರುವಾದದ್ದು. ಕೆಳಗೆ ಕಾಲ್ಕಾದಲ್ಲಿ ಹಿಮದ ಮಾತೇ ಇಲ್ಲ. 2,000 ಮೀಟರ್ ಎತ್ತರದ ಆಸುಪಾಸಿನ ಕೊನೇ ಸ್ಟೇಷನ್‌ಗಳಲ್ಲಿ ಚಳಿಗಾಲಕ್ಕೆ ಬೀಳುತ್ತೆ. ನಾನು ಮಾಡಿದ್ದು ಶಿಮ್ಲಾಕ್ಕಿಂತ ಒಂದು ಸ್ಟೇಷನ್ ಹಿಂದಿನ ಸಮ್ಮರ್ ಹಿಲ್.

ಗುಡ್ಡ, ದೇವದಾರು ಮರ, ತಗಡಿನ ಮಾಡು ಎಲ್ಲ ಮುಗಿಸೋಕೆ ಒಂದೂವರೆ ವರ್ಷ ಹಿಡಿಯಿತು. ಹಿಮ ಮಾಡೋಕೆ ಒಂದೇ ರಾತ್ರಿ. ಬಡಗಿಗಳು ಬಳಸೋ ಬಿಳಿ ಗೋಂದಿಗೆ ನೀರು ಬೆರೆಸಿ ಎಲ್ಲ ಕಡೆ ಬಳಿದೆ, ಚಹಾ ಸೋಸೋ ಜರಡಿಯಲ್ಲಿ ಅರ್ಧ ಕೆಜಿ ಅಡುಗೆ ಸೋಡಾ ಹಾಕಿ ಮೇಲಿಂದ ಉದುರಿಸಿದೆ. ಗುಡ್ಡಕ್ಕೂ, ಮಾಡಿಗೂ, ಹಳಿಗಳ ಮಧ್ಯಕ್ಕೂ. ಬೆಳಿಗ್ಗೆ ಎದ್ದು ನೋಡಿದರೆ ನನಗೇ ನಂಬೋಕಾಗದಷ್ಟು ಚೆಂದ. ಅವ್ವನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ತೋರಿಸಿದೆ.

ಫೆಬ್ರವರಿಯಿಂದ ಮೇವರೆಗೆ ಏನೂ ಆಗಲಿಲ್ಲ. ನಮ್ಮೂರಲ್ಲಿ ಆಗ ಗಾಳಿಯಲ್ಲಿ ತೇವವೇ ಇರಲ್ಲ. ಜುಲೈಯಲ್ಲಿ ಎಂಟು ದಿನ ಜಿಟಿಜಿಟಿ ಮಳೆ ಹಿಡಿಯಿತು. ಮೊದಲು ಪುಡಿ ಮೇಲೆ ತೆಳ್ಳಗೆ ಹೆಪ್ಪು ಕಟ್ಟಿತು, ಆಮೇಲೆ ಗೋಂದು ಗಟ್ಟಿಯಾಗಿದ್ದ ಕಡೆಯೆಲ್ಲ ಹಳದಿಯಾಗುತ್ತಾ ಬಂತು. ಅವ್ವ ನೋಡಿ, "ಏನಪ್ಪಾ, ನಿನ್ನ ಹಿಮಕ್ಕೆ ಕಾಮಾಲೆ ಬಂದಂಗೈತಲ್ಲ" ಅಂದಳು. ನಾನು ಅದು ಬಣ್ಣದ ತೊಂದರೆ ಅಂದುಕೊಂಡು ಅದರ ಮೇಲೇ ಇನ್ನೊಂದು ಕೈ ಸೋಡಾ ಉದುರಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನೀವೂ ಇದೇ ಮೆಟ್ಟಿಲ ಮೇಲೆ ನಿಂತಿದ್ದೀರಿ. ಸೋಡಾ ನೀರಿನಲ್ಲಿ ಕರಗೋ ವಸ್ತು, ಕ್ಷಾರ. ಬಿಳಿ ಗೋಂದು ಸ್ವಲ್ಪ ಹುಳಿ ಸ್ವಭಾವದ್ದು. ಎರಡೂ ಸೇರಿದ ಕಡೆ ಸಣ್ಣ ಗುಳ್ಳೆ ಏಳುತ್ತೆ. ಆ ರಾತ್ರಿ ನಾನು ಗುಳ್ಳೆ ನೋಡಿದ್ದೆ, ಬ್ರಷ್ಷಿನಿಂದ ಗಾಳಿ ಸೇರಿರಬೇಕು ಅಂತ ಬಿಟ್ಟೆ. ಮಳೆಗಾಲದ ತೇವಕ್ಕೆ ಸೋಡಾ ಅಷ್ಟಷ್ಟೇ ಕರಗಿ, ಒಣಗಿ, ಮತ್ತೆ ಕರಗಿ ಜಾಗ ಬದಲಿಸುತ್ತಾ ಹೋಗುತ್ತೆ. ಗುಡ್ಡದ ಮೇಲಿದ್ದದ್ದು ಹಳಿಯ ಬುಡಕ್ಕೆ ಇಳಿಯಿತು, ಅಲ್ಲಿಂದ ತಂತಿ ಬೆಸುಗೆ ಹಾಕಿದ ಜಾಗಕ್ಕೆ. ಬೆಸುಗೆಯ ಸುತ್ತ ತಾಮ್ರ ಹಸಿರಾಯಿತು. ಹಳಿ ಬದಲಿಸೋ ಪಾಯಿಂಟಿನ ಅಲಗುಗಳು ಹೆಪ್ಪಿನಲ್ಲಿ ಸಿಕ್ಕಿಕೊಂಡು ಅಲ್ಲಾಡದೆ ನಿಂತವು. ಇಷ್ಟಾದರೂ ನಾನು ರೈಲು ಓಡಿಸೋದು ಬಿಡಲಿಲ್ಲ. ಹಳಿಗಳ ನಡುವಿನ ಪುಡಿ ಚಕ್ರದ ಗಾಳಿಗೆ ಎದ್ದು ಎಂಜಿನ್ನಿನ ಹೊಟ್ಟೆಗೆ ಹೋಯಿತು, ಗ್ರೀಸಿಗೆ ಮೆತ್ತಿಕೊಂಡಿತು. ಆಗಸ್ಟಿನ ಒಂದು ಸಂಜೆ ಎಂಜಿನ್ ಸುರಂಗದೊಳಗೆ ನಿಂತುಬಿಟ್ಟಿತು. ಹೊರಗೆ ತೆಗೆದು ಮೂಗಿಗೆ ಹಿಡಿದೆ. ಮೋಟರ್ ಸುರುಳಿಯ ವಾರ್ನಿಷ್ ಸುಟ್ಟ ವಾಸನೆ. ಆ ವಾಸನೆ ನನಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ, ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷ ಆಯಿತು. ತಾಮ್ರಕ್ಕೆ ತೇವ ತಗುಲಿದರೆ ಏನಾಗುತ್ತೆ ಅಂತ ದಿನಾ ರೈತರ ಪಂಪ್‌ಸೆಟ್ಟುಗಳಲ್ಲಿ ನೋಡೋನು ನಾನು. ಆದರೂ ಸೋಡಾ ಅಂದರೆ ತಿನ್ನೋ ವಸ್ತು, ಇಡ್ಲಿಗೆ ಹಾಕೋದು, ಅದೇನು ಮಾಡೀತು ಅನ್ನೋ ಭಾವನೆ ಒಳಗೆ ಕೂತಿತ್ತು. ಹನ್ನೊಂದು ಸಾವಿರದ ಎಂಜಿನ್ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಹೆಪ್ಪು ಕೆರೆಯುವಾಗ ನಲವತ್ತಕ್ಕೂ ಹೆಚ್ಚು ಮರ ಬುಡಸಮೇತ ಕಿತ್ತು ಬಂದದ್ದು.

ಒಂದು ಗೇಣುದ್ದದ ಹಲಗೆ ತುಂಡಿನ ಮೇಲೆ ಸೋಡಾ ಹಾಕಿ, ಒಂದು ಮಳೆಗಾಲ ಕಿಟಕಿ ಹತ್ತಿರ ಇಟ್ಟಿದ್ದರೆ ಇದೆಲ್ಲ ಗೊತ್ತಾಗುತ್ತಿತ್ತು. ನಾನು ಪರೀಕ್ಷೆ ಮಾಡಲಿಲ್ಲ ಅಂತಲ್ಲ. ಮಾಡಿದ್ದೆ, ಒಂದು ವಾರ, ಜನವರಿಯಲ್ಲಿ.

ಉಪ್ಪು ಬೇಡವೇ ಬೇಡ, ಸೋಡಾಕ್ಕಿಂತ ಬೇಗ ಲೋಹ ತಿನ್ನುತ್ತೆ. ಥರ್ಮಾಕೋಲ್ ಕಾಳು ಬೆರಳಿಗೂ ಚಕ್ರಕ್ಕೂ ಅಂಟಿಕೊಳ್ಳುತ್ತೆ, ಹಿಮದ ಹಾಗಂತೂ ಕಾಣಲ್ಲ.

ಇನ್ನು ನಿಮ್ಮ ಪ್ರಶ್ನೆ. ಯಾವ ಬಿಳಿ ಪುಡಿ ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯಿಂದ ಹೊರಟರೆ ದಾರಿ ತಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ. ಪುಡಿಯದ್ದು ಕೊನೆಯ ಒಂದು ಕೈ ಕೆಲಸ. ಹಿಮ ಹಿಮವಾಗಿ ಕಾಣೋದು ಅದು ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಅನ್ನೋದರಿಂದ. ನಾನು ಇದನ್ನು ಕಲಿತದ್ದು ಶಿಮ್ಲಾದಲ್ಲಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ ಅಪ್ಪ ಕಾಟನ್ ಮಿಲ್ಲಿನ ಬ್ಲೋ ರೂಮಿನಲ್ಲಿ, ಅಂದರೆ ಹತ್ತಿ ಬಿಡಿಸಿ ಕಸ ತೆಗೆಯೋ ಕೋಣೆಯಲ್ಲಿ, ಕೆಲಸಕ್ಕಿದ್ದರು. ಬುತ್ತಿ ಕೊಡೋಕೆ ಹೋದಾಗ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಹತ್ತಿಯ ನವಿರು ಧೂಳು ಪೈಪಿನ ಮೇಲುಭಾಗದಲ್ಲಿ ಮಾತ್ರ, ಕೆಳಗೆ ಬೋಳು. ಬಲ್ಬಿನ ತಗಡಿನ ಮೇಲೆ ದುಂಡಗೆ ಗುಡ್ಡೆ. ಗೋಡೆಗೆ ಹೊಡೆದ ಮೊಳೆಯ ತಲೆ ಮೇಲೂ ಒಂದು ಪುಟ್ಟ ಬಿಳಿ ಟೋಪಿ. ಫ್ಯಾನಿನ ಗಾಳಿ ಬಡಿಯೋ ಕಡೆ ಏನೂ ಇಲ್ಲ, ಅದರ ಮರೆಯಲ್ಲಿ ದಪ್ಪ. ಎಲ್ಲ ಕೆರೆದು ಹಾಕಿ ಖಾಲಿ ಗುಡ್ಡದ ಮುಂದೆ ಕೂತಾಗ ಅದು ನೆನಪಾಯಿತು. ನಾನು ಹಿಮವನ್ನು ಸುಣ್ಣ ಬಳಿದ ಹಾಗೆ ಬಳಿದಿದ್ದೆ.

ಹಿಮಾಲಯದ ಇಳಿಜಾರುಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಡೆ ಬಿಸಿಲಿಗೆ ಬೇಗ ಕರಗುತ್ತೆ, ಉತ್ತರದ ಕಡೆ ಉಳಿಯುತ್ತೆ. ಆದ್ದರಿಂದ ನಿಮ್ಮ ಹಲಗೆಗೆ ಮೊದಲು ಒಂದು ದಿಕ್ಕು ಗೊತ್ತು ಮಾಡಿ. ನನ್ನ ಸ್ಟೇಷನ್ ಮಾಡಿನ ಒಂದು ಇಳಿಜಾರು ಈಗ ಬರೀ ತಗಡು, ಇನ್ನೊಂದು ಬಿಳಿ. ಜಾರಿ ಬಿದ್ದ ಹಿಮ ಸೂರಿನ ಗೆರೆಗೆ ಸರಿಯಾಗಿ ಕೆಳಗೆ ದಿಂಡಾಗಿ ಬಿದ್ದಿದೆ. ಜನ ಓಡಾಡೋ ಕಡೆ ಕೆಸರು ಬಣ್ಣ. ಸುರಂಗದ ಬಾಯಿಂದ ಒಳಗೆ ಹಿಮವೇ ಇಲ್ಲ.

ಈಗ ಮಾಡೋ ರೀತಿ ಹೇಳ್ತೀನಿ. ದಪ್ಪ ಹಿಮದ ಆಕಾರವನ್ನು ಗೋಡೆಗೆ ಹಚ್ಚೋ ಬಿಳಿ ಪುಟ್ಟಿಯಲ್ಲಿ ಮಾಡಿ, ಒದ್ದೆ ಬ್ರಷ್ಷಿನಿಂದ ಅಂಚು ನಯ ಮಾಡ್ತೀನಿ. ಒಣಗಿದ ಮೇಲೆ ಹೊಳಪಿಲ್ಲದ ಬಿಳಿ ಎಮಲ್ಷನ್. ನೆರಳಿನ ಕಡೆ ಬಳಿಯೋಕೆ ಅದಕ್ಕೆ ಬಟ್ಟೆಗೆ ಹಾಕೋ ನೀಲಿ ಪುಡಿ, ಒಂದು ಲೋಟಕ್ಕೆ ಬೆಂಕಿಕಡ್ಡಿ ತುದಿಯಷ್ಟು. ಹಿಮದ ನೆರಳಿಗೆ ಆಕಾಶದ ಬೆಳಕು ಬೀಳೋದರಿಂದ ಅದು ನೀಲಿಯಾಗೇ ಇರುತ್ತೆ. ಕೋಣೆಯಲ್ಲಿ ಹಳದಿ ಬಲ್ಬ್ ಇದ್ದರೆ ತೆಗೆದು ಬಿಳಿ ಎಲ್‌ಇಡಿ ಹಾಕಿ, ಇಲ್ಲದಿದ್ದರೆ ಎಂಥ ಹಿಮವೂ ಬೆಣ್ಣೆಯಾಗುತ್ತೆ. ಎಲ್ಲಕ್ಕೂ ಕೊನೆಗೆ ಅಮೃತಶಿಲೆಯ ನುಣ್ಣನೆ ಪುಡಿ. ಅದು ಕಲ್ಲು, ಮಳೆಗಾಲದ ತೇವಕ್ಕೆ ಕರಗಲ್ಲ, ಹೆಪ್ಪುಗಟ್ಟಲ್ಲ. ಅಂಗಡಿಯ ರಂಗೋಲಿ ಪುಡಿ ಹಾಗೇ ಹಾಕಬೇಡಿ, ಕಾಳು ದಪ್ಪ. 0.2 ಮಿ.ಮೀ. ಕಾಳನ್ನು 87ರಿಂದ ಗುಣಿಸಿ ನೋಡಿ, ಪ್ಲಾಟ್‌ಫಾರ್ಮಿನ ಮೇಲೆ ನಿಂತ ಮನುಷ್ಯನ ಪಾಲಿಗೆ ಅದು ಒಂದೂಮುಕ್ಕಾಲು ಸೆಂಟಿಮೀಟರ್ ದಪ್ಪದ ಕಲ್ಲು. ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ಬೆರಳಿನಿಂದ ತಟ್ಟಿದರೆ ಹೊರಗೆ ಬರೋ ನುಣುಪೇ ಬೇಕಾದ್ದು. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ. ನೇರ ಮೇಲಿಂದಲೇ ಉದುರಿಸಿ, ಪಕ್ಕದಿಂದ ಬೇಡ. ಆಮೇಲೆ ಗೋಂದಿಗೆ ನಾಲ್ಕು ಪಾಲು ನೀರು, ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ ಎತ್ತರದಿಂದ ಮಂಜಿನ ಹಾಗೆ ಸ್ಪ್ರೇ.

ಹಳಿ ಮಧ್ಯಕ್ಕೆ ಮಾತ್ರ ಸಡಿಲ ಪುಡಿ ಯಾವತ್ತೂ ಬೇಡ. ಅಲ್ಲಿ ತೆಳ್ಳಗೆ ಪುಟ್ಟಿ ಎಳೆದು, ಅದು ಹಸಿಯಾಗಿದ್ದಾಗಲೇ ಒಂದು ಹಳೇ ವ್ಯಾಗನ್ ಅನ್ನು ಕೈಯಲ್ಲಿ ತಳ್ಳಿ. ಚಕ್ರದ ಅಂಚು ತಾನೇ ಗೆರೆ ಕೊರೆದುಕೊಳ್ಳುತ್ತೆ. ಓಡಾಟ ಇರೋ ನಿಜವಾದ ದಾರಿಯೂ ಹಾಗೇ ಕಾಣೋದು: ಹಳಿಯ ತಲೆ ಹೊಳೀತಿರುತ್ತೆ, ಅದರ ಒಳಬದಿಗೆ ಕತ್ತರಿಸಿದ ಹಾಗೆ ಗೆರೆ.

ಈ ಕೆಲಸಕ್ಕೆ ಈಗ ಮೂರು ಮಳೆಗಾಲ ಕಳೆದಿದೆ, ಹಳದಿ ಬಂದಿಲ್ಲ. ನಮ್ಮ ಮಂಡಕ್ಕಿ ಭಟ್ಟಿಗಳ ಮಸಿ ಗಾಳಿಯಲ್ಲಿ ಬಂದು ಕೂರೋದು ಬೇರೆ ಸಮಸ್ಯೆ, ಅದಕ್ಕೆ ರಾತ್ರಿ ಪ್ಲಾಸ್ಟಿಕ್ ಹಾಳೆ ಮುಚ್ಚಿಡ್ತೀನಿ.

ನೀವು ಆಗಲೇ ಸೋಡಾ ಹಾಕಿರೋ ಮೂಲೆಯನ್ನು ಇವತ್ತೇ ತೆಗೆಯಿರಿ. ಮೊದಲೇ ಒದ್ದೆ ಮಾಡಬೇಡಿ, ನಾನು ಮಾಡಿ ಪ್ಲೈವುಡ್ ಉಬ್ಬಿಸಿಕೊಂಡೆ. ಒಣ ಬ್ರಷ್ಷಿನಿಂದ ಸಡಿಲ ಮಾಡಿ, ವ್ಯಾಕ್ಯೂಮ್ ಕ್ಲೀನರ್ ಮೂತಿಗೆ ತೆಳ್ಳನೆ ಬಟ್ಟೆ ಕಟ್ಟಿ ಎಳೆದುಕೊಳ್ಳಿ. ಉಳಿದದ್ದನ್ನು ಹಿಂಡಿದ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಹಳಿಯ ಬುಡ ಮತ್ತು ಬೆಸುಗೆಗಳನ್ನು ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಅನ್ನು ಅಲ್ಲಿಯವರೆಗೆ ಡಬ್ಬಿಯಲ್ಲಿಡಿ. ಆ ಮೂಲೆಯಲ್ಲಿ ಒಂದು ಸುತ್ತು ಓಡಿಸಿದ್ದರೂ ಕೆಳಗಿನ ಮುಚ್ಚಳ ಬಿಚ್ಚಿ, ಹಳೇ ಗ್ರೀಸ್ ಪೂರ್ತಿ ಒರೆಸಿ, ಹೊಸದು ಹಾಕಿದ ಮೇಲೇ ಹಳಿಗೆ ಇಳಿಸಿ.