ಜುಲೈನಲ್ಲಿ ಸ್ಪೇನಿನ ಮುಲಾಸೆನ್ ಬೆಟ್ಟ ಒಂದೇ ದಿನದಲ್ಲಿ ಹತ್ತಿ ಇಳಿಬಹುದಾ? ಯಾವ ಶೂ ತಗೊಳ್ಲಿ?

"ಕುಮಾರ ಪರ್ವತ ಒಂದೇ ದಿನದಲ್ಲಿ ಮುಗಿಸಿದೀವಿ, ಅಲ್ಲಿ ಕತ್ತಲಾಗೋದೇ ರಾತ್ರಿ ಒಂಬತ್ತೂವರೆ ಮೇಲಂತೆ, ತ್ರೆವೆಲೆಸ್ ಊರಿಂದ ಆರಾಮಾಗಿ ಹೊರಟ್ರೂ ನಡಿಯುತ್ತಲ್ವಾ" ಅಂತ ಬರ್ದಿದೀರಲ್ಲ, ಅಯ್ಯೋ ಗುರುಗಳೇ, ಹೆಚ್ಚುಕಮ್ಮಿ ಇದೇ ಮಾತು ನಾನು ನನ್ ಫ್ರೆಂಡಿಗೆ ವಾಟ್ಸಾಪಲ್ಲಿ ಹಾಕಿದ್ದೆ. ಶೂ ವಿಷ್ಯ ಆಮೇಲೆ ನೋಡೋಣ, ಅದು ಸಮಸ್ಯೆನೇ ಅಲ್ಲ.

ನಾನಾಗ ಕೆಲಸದ ಮೇಲೆ ಮಾಲಗಾದಲ್ಲಿದ್ದೆ, ಅವನು ಬೆಂಗ್ಳೂರಿಂದ ರಜಾ ಹಾಕ್ಕೊಂಡು ಬಂದಿದ್ದ, ಮಾರನೇ ದಿನಕ್ಕೆ ಗ್ರನಾಡಾದ ಅಲ್‌ಹಂಬ್ರಾ ಅರಮನೆ ಟಿಕೆಟ್ಟೂ ಬುಕ್ ಆಗಿತ್ತು. ತ್ರೆವೆಲೆಸ್ ಇರೋದೇ 1,476 ಮೀಟರ್ ಎತ್ತರದಲ್ಲಿ, ಅಂಗಡಿ ಅಂಗಡಿಲೂ ಸೂರಿಂದ ಹಂದಿ ತೊಡೆ ನೇತಾಕಿರ್ತಾರೆ, ಆ ಊರು ಹೆಸರು ಮಾಡಿರೋದೇ ಅದಕ್ಕೆ. ಮುಲಾಸೆನ್ ತುದಿ 3,479 ಮೀಟರ್, ಸ್ಪೇನ್ ಪೋರ್ಚುಗಲ್ ಎರಡೂ ಸೇರಿದ ಆ ಪರ್ಯಾಯದ್ವೀಪಕ್ಕೆಲ್ಲ ಅದೇ ಎತ್ತರ. ಅಂದ್ರೆ ಒಂದೇ ದಿನದಲ್ಲಿ ಎರಡು ಸಾವಿರ ಮೀಟರ್ ಏರು. ಕುಕ್ಕೆಯಿಂದ ಕುಮಾರ ಪರ್ವತ ಅಂದ್ರೆ ಸುಮಾರು ಸಾವಿರದ ಆರ್ನೂರು, ಅದ್ರಲ್ಲಿ ಅರ್ಧ ದಾರಿ ಕಾಡಿನ ನೆರಳು, ಮಧ್ಯೆ ಭಟ್ಟರ ಮನೆ ಊಟ ಬೇರೆ. ಎರಡನ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ.

ಬೆಳಗ್ಗೆ ಕಾಫಿ ಗೀಫಿ ಮುಗಿಸಿ ಒಂಬತ್ತು ದಾಟಿದ ಮೇಲೆ ಹೊರಟ್ವಿ. ಮೊದಲರ್ಧ ಸ್ವರ್ಗ, ಸುಳ್ಳು ಹೇಳಲ್ಲ. ಅರಬರ ಕಾಲದ ನೀರಾವರಿ ಕಾಲುವೆಗಳು ಇನ್ನೂ ಹರೀತಾ ಇರ್ತವೆ, ಪಕ್ಕದಲ್ಲಿ ಹಳ್ಳ, ಆಮೇಲೆ ಕಪ್ಪು ಬಂಡೆ ಮೇಲಿಂದ ಬೀಳೋ ಝರಿ, ಅದರ ಪಕ್ಕದಲ್ಲೇ ಹತ್ತಿದ್ರೆ ಸಿಯೆತೆ ಲಗೂನಾಸ್ ಅನ್ನೋ ಕೊಳಗಳ ಬಯಲು, ಹಸಿರು ಹುಲ್ಲು, ಹಸು ಮೇಯ್ತಿರ್ತವೆ, ಹಿಂದೆ ಗೋಡೆ ಥರ ಮುಲಾಸೆನ್. ಇಲ್ಲಿಗೆ ಬರೋ ಹೊತ್ತಿಗೆ ಗಡಿಯಾರದಲ್ಲಿ ಎರಡು ಗಂಟೆ. ಎಡವಟ್ಟು ಆಗಿದ್ದು ಇಲ್ಲೇ, ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೋರಾದ್ರೂ ಓದಿ.

ನಾವಂದ್ಕೊಂಡಿದ್ದೇನು? ಎರಡು ಗಂಟೆ, ಅಂದ್ರೆ ಮಧ್ಯಾಹ್ನದ ಸುಡುಬಿಸಿಲು ಮುಗೀತಾ ಬಂತು, ಒಂದೂವರೆ ಗಂಟೆ ಇಲ್ಲೇ ಉರುಳ್ಕೊಂಡಿದ್ದು ತಂಪೊತ್ತಲ್ಲಿ ಹತ್ತಿ ಇಳಿಯೋಣ, ಕತ್ತಲಾಗೋಕೆ ಇನ್ನೂ ಏಳು ಗಂಟೆ ಇದೆ. ಊರಲ್ಲಿ ಹಾಗೇ ತಾನೇ ಮಾಡೋದು. ಆದ್ರೆ ಸ್ಪೇನಿನ ಗಡಿಯಾರಕ್ಕೂ ಸೂರ್ಯನಿಗೂ ಸಂಬಂಧನೇ ಇಲ್ಲ ಗುರೂ! ನಕ್ಷೆ ನೋಡಿ, ಗ್ರನಾಡಾ ಇರೋದು ಲಂಡನ್ನಿಗಿಂತಲೂ ಪಶ್ಚಿಮಕ್ಕೆ, ಆದ್ರೆ 1940ರಿಂದ ಗಡಿಯಾರ ಮಾತ್ರ ಬರ್ಲಿನ್‌ದು, ಅದ್ರ ಮೇಲೆ ಬೇಸಿಗೇಲಿ ಇನ್ನೊಂದು ಗಂಟೆ ಮುಂದಕ್ಕೆ. ಬೆಂಗ್ಳೂರಲ್ಲಿ ಸೂರ್ಯ ನೆತ್ತಿಗೆ ಬರೋದು ಹನ್ನೆರಡೂಕಾಲು ಹನ್ನೆರಡೂವರೆ ಒಳಗೆ. ಅಲ್ಲಿ ಜುಲೈನಲ್ಲಿ ಎರಡು ಇಪ್ಪತ್ತರ ಹತ್ರ. ಅಂದ್ರೆ ಅವರ ಎರಡು ಗಂಟೆ ನಮ್ಮ ಹನ್ನೆರಡು, ಅವರ ನಾಲ್ಕು ನಮ್ಮ ಎರಡು. ಬಿಸಿಲು ಇಳೀಲಿ ಅಂತ ಕಾದು ಕಾದು ನಾವು ಎದ್ದು ಹೊರಟಿದ್ದು ಸರಿಯಾಗಿ ಬಿಸಿಲ ಬಾಯಿಗೆ. ರಾತ್ರಿ ಒಂಬತ್ತೂವರೆಗೆ ಸೂರ್ಯಾಸ್ತ ಅನ್ನೋದು ನಿಮಗೆ ಸಿಕ್ಕ ಬೋನಸ್ ಅಲ್ಲ, ಬೆಳಗ್ಗೆ ಕದ್ದ ಎರಡು ಗಂಟೇನ ಸಂಜೆ ವಾಪಸ್ ಕೊಡ್ತಿದಾರೆ ಅಷ್ಟೇ. ಅಲ್ಲಿ ಜುಲೈನಲ್ಲಿ ಬೆಳಕಾಗೋದೂ ಏಳರ ಹತ್ರನೇ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಇಷ್ಟೇ ಆಗಿದ್ರೆ ಸುಟ್ಟ ಮೂಗಲ್ಲಿ ಮುಗೀತಿತ್ತು. ಹೇಗೂ ಸಂಜೆ ಆಯ್ತಲ್ಲ, ತಂಪಿರುತ್ತೆ ಅಂತ ನೀರೂ ತುಂಬಿಸ್ಕೊಳ್ಲಿಲ್ಲ. ಬಾಟ್ಲಲ್ಲಿ ಅರ್ಧ ಇತ್ತು, ಕೊಳದ ನೀರಲ್ಲಿ ಹಸು ಕಾಲಾಡಿಸ್ತಿತ್ತು, ನಮ್ಮ ಹತ್ರ ಫಿಲ್ಟರ್ ಇರ್ಲಿಲ್ಲ, ಇವನಂತೂ ಛೀ ಅಂದ. ಅದೇ ಕೊನೇ ನೀರು ಅಂತ ಗೊತ್ತಿರ್ಲಿಲ್ಲ. ಅಲ್ಲಿಂದ ಮೇಲೆ ಬರೀ ಕಲ್ಲು, ಕಾಗೆಬಂಗಾರ ಬೆರೆತ ಬಿಲ್ಲೆ ಬಿಲ್ಲೆ ಕಲ್ಲು, ಕಾಲಿಟ್ರೆ ಜಾರುತ್ತೆ, ಮೇಲಿಂದ ಸೂರ್ಯ ಹೊಡೆದ್ರೆ ಕೆಳಗಿಂದ ಆ ಮಿಣಮಿಣ ಕಣ್ಣಿಗೆ ಹೊಡಿಯುತ್ತೆ. ಗಾಳಿ ಬೇರೆ ತಣ್ಣಗೆ ಬೀಸ್ತಿರುತ್ತೆ, ಅದಕ್ಕೇ ಮೋಸ ಹೋಗೋದು. ಘಟ್ಟದಲ್ಲಿ ಶರ್ಟು ಹಿಂಡಿದ್ರೆ ನೀರು ಸುರಿಯುತ್ತೆ, ಆಗ ನೀರು ಕುಡೀಬೇಕು ಅಂತ ತಾನಾಗೇ ಹೊಳಿಯುತ್ತೆ. ಇಲ್ಲಿ ಗಾಳೀಲಿ ತೇವನೇ ಇಲ್ಲ, ಬೆವರು ಬರ್ತಿದ್ದ ಹಾಗೇ ಆರಿಹೋಗುತ್ತೆ, "ನೋಡೋ, ಒಂಚೂರೂ ಬೆವರಿಲ್ಲ" ಅಂತ ನಾವು ಹೆಮ್ಮೆ ಪಡ್ತಿದ್ವಿ, ಅವನ ಕಪ್ಪು ಟೀ ಶರ್ಟಿನ ಬೆನ್ನ ಮೇಲೆ ನೋಡಿದ್ರೆ ಉಪ್ಪು, ರಂಗೋಲಿ ಪುಡಿ ಚೆಲ್ಲಿದ ಹಾಗೆ.

ತುದಿ ತಲುಪಿದಾಗ ಐದೂಮುಕ್ಕಾಲು. ಒಂದು ಸಣ್ಣ ಮೇರಿ ಗೂಡು, ಸರ್ವೆ ಕಂಬ, ಬಿದ್ದುಹೋದ ಕಲ್ಲುಗೋಡೆಗಳು. 1879ರಲ್ಲಿ ಸರ್ವೆಯವರು ಅಲ್ಲಿ ಬೀಡು ಬಿಟ್ಟು ಸಮುದ್ರದಾಚೆ ಅಲ್ಜೀರಿಯಾದ ಬೆಟ್ಟಗಳಿಗೆ ದೀಪ ಹಾಯಿಸಿ ಎರಡು ಖಂಡಗಳನ್ನ ಅಳತೆಯಲ್ಲಿ ಜೋಡಿಸಿದ್ರು. ನಮಗೆ ಅಲ್ಜೀರಿಯಾ ಇರ್ಲಿ, ಸಮುದ್ರನೂ ಕಾಣ್ಲಿಲ್ಲ, ಬರೀ ಮಬ್ಬು. ನೀರು ಅಲ್ಲೇ ಖಾಲಿ.

ಇಳಿಯೋಕೆ ದಕ್ಷಿಣದ ಏಣು ಹಿಡಿದ್ವಿ, ಸುಲಭದ ದಾರಿ ಅಂತ. ಸುಲಭನೇ, ಅಗಲವಾದ ಬೋಳು ಇಳಿಜಾರು, ಆದ್ರೆ ಒಂದು ಗಿಡ ಇಲ್ಲ, ಒಂದು ತೊಟ್ಟು ನೀರಿಲ್ಲ, ಬಲಗೆನ್ನೆಗೆ ಪಶ್ಚಿಮದ ಬಿಸಿಲು ಬಾರಿಸ್ತಾನೇ ಇರುತ್ತೆ. ಸಂಜೆ ಏಳಾದ್ರೂ ಬಿಸಿಲು ಬಿಸಿಲೇ. ಇವನು ಮಾತು ನಿಲ್ಲಿಸ್ದ, ಆಮೇಲೆ ತಲೆ ಸಿಡಿಯುತ್ತೆ ಅಂದ, ಆಮೇಲೆ ಕೂತು ವಾಂತಿ ಮಾಡ್ದ. ಕೂರಿಸೋಣ ಅಂದ್ರೆ ನೆರಳೇ ಇಲ್ಲ, ನಾನು ಅವನ ಮುಂದೆ ನಿಂತ್ಕೊಂಡು ನನ್ನ ನೆರಳಲ್ಲಿ ಕೂರಿಸಿದ್ದೆ. ಹಂಗೂ ಹಿಂಗೂ ಕುಂಟ್ಕೊಂಡು ಪೈನ್ ಮರಗಳ ಹತ್ರ ಬಂದ್ರೆ ಒಂದು ಕಾಲುವೆ ಸಿಕ್ತು, ಇಬ್ರೂ ಬೋರಲು ಮಲಗಿ ಬಾಯಿ ಹಾಕಿ ಕುಡಿದ್ವಿ. ಅಲ್ಲೂ ಹಸುಗಳು ಮೇಯ್ತಿದ್ವು, ಛೀ ಅನ್ನೋಕೆ ಯಾರಿಗೂ ತ್ರಾಣ ಇರ್ಲಿಲ್ಲ. ಊರು ಸೇರಿದಾಗ ಪೂರ್ತಿ ಕತ್ತಲು. ಮಾರನೇ ದಿನ ಇಬ್ಬರಿಗೂ ಹೊಟ್ಟೆ ಕೆಟ್ಟು ಅಲ್‌ಹಂಬ್ರಾ ಟಿಕೆಟ್ ಗೋತಾ, ಅರಮನೆ ಒಳಗೆ ಬಿಡೋದು ಟಿಕೆಟ್ಟಲ್ಲಿರೋ ಹೊತ್ತಿಗೆ ಮಾತ್ರ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ತ್ರೆವೆಲೆಸಿಂದ ಜುಲೈನಲ್ಲಿ ಒಂದೇ ದಿನ ಅನ್ನೋದನ್ನೇ ಕೈಬಿಡಿ. ಸ್ಟ್ಯಾಮಿನಾ ಪ್ರಶ್ನೆ ಅಲ್ಲ ಇದು. ಆ ಊರಿನವರೇ ಆಗಸ್ಟ್ 5ರ ಹಬ್ಬಕ್ಕೆ ಮೇರಿ ಮಾತೆ ದರ್ಶನಕ್ಕೆ ತುದಿಗೆ ಹೋಗುವಾಗ ನಡುರಾತ್ರಿ ಹೊರಡ್ತಾರೆ, ಹುಟ್ಟಿ ಬೆಳೆದವರಿಗಿರೋ ಆ ಬುದ್ಧಿ ನಮಗೂ ಇರ್ಲಿ. ಪಕ್ಕದ ಕಣಿವೇಲಿ ಕಾಪಿಲೇಯ್ರಾ ಅಂತ ಊರಿದೆ, ಬೇಸಿಗೇಲಿ ಅಲ್ಲಿಂದ ನ್ಯಾಷನಲ್ ಪಾರ್ಕಿನ ಮಿನಿ ಬಸ್ಸು ಸುಮಾರು 2,700 ಮೀಟರ್ ತನಕ ಬಿಡುತ್ತೆ, ಮೊದಲೇ ಬುಕ್ ಮಾಡ್ಬೇಕು, ಬೆಳಗಿನ ಮೊದಲ ಬಸ್ಸೇ ಹಿಡೀರಿ, ಉಳಿದಿದ್ದು ಎಂಟ್ನೂರು ಮೀಟರ್ ಒಳಗೆ. ಅದು ಚೀಟಿಂಗ್ ಅಂತ ನಿಮ್ಮ ಟ್ರೆಕ್ಕಿಂಗ್ ಗ್ರೂಪಿನವರು ಅಂದ್ರೆ ಅನ್ಲಿ ಬಿಡಿ. ಇಲ್ಲ ನಡೆದೇ ಹೋಗ್ಬೇಕು ಅಂದ್ರೆ 2,500 ಮೀಟರಲ್ಲಿ ಪೊಕೇಯ್ರಾ ರೆಫ್ಯೂಜ್ ಇದೆ, ರಾತ್ರಿ ಅಲ್ಲಿ ಮಲಗಿ ಕತ್ತಲಲ್ಲೇ ಎದ್ದು ಹೊರಡಿ, ಅವರ ಗಡಿಯಾರದ ಎರಡು ಗಂಟೆ ಒಳಗೆ ಇಳಿದು ಬಂದಿರ್ಬೇಕು. ಸೆಪ್ಟೆಂಬರಿಗೆ ಮುಂದೂಡೋಕಾದ್ರೆ ಇನ್ನೂ ಒಳ್ಳೇದು.

ನೀರು ತಲೆಗೆ ಮೂರು ಲೀಟರಿಗಿಂತ ಕಮ್ಮಿ ಬೇಡ, ಓಆರ್‌ಎಸ್ ಪ್ಯಾಕೆಟ್ ಊರಿಂದಲೇ ತಗೊಂಡೋಗಿ. ಸಾವಿರ ಮೀಟರ್ ಏರಿದ್ರೆ ಯುವಿ ಶೇ. 10ರಷ್ಟು ಹೆಚ್ಚುತ್ತಂತೆ, ಕ್ಯಾಪ್ ಸಾಲಲ್ಲ, ಕಿವಿ ಕುತ್ತಿಗೆ ಮುಚ್ಚೋ ಟೋಪಿ, ತುಂಬು ತೋಳಿನ ತೆಳು ಶರ್ಟು, ಮೇಲಿನ ಗಾಳಿಗೆ ಒಂದು ಜಾಕೆಟ್ಟು.

ಶೂ ಯಾವುದಾದ್ರೂ ಆಗುತ್ತೆ, ಕುಮಾರ ಪರ್ವತಕ್ಕೆ ಹಾಕಿದ್ದೇ ಸಾಕು, ಅಲ್ಲಿ ಜಿಗಣೆ ಅಂತೂ ಇಲ್ಲ.